ಪೆಟ್ರೋಲ್ ಎಲ್ಲಿಡಬೇಕು? ರೇಸ್ ಕಾರಿನ ಟ್ಯಾಂಕ್ ಸುತ್ತಲಿನ ಮುಗಿಯದ ವಾದ

2023ರ ಫೆಬ್ರುವರಿ 11ರಂದು ಹೈದರಾಬಾದಿನ ಹುಸೇನ್ ಸಾಗರದ ದಂಡೆಯಲ್ಲಿ ಫಾರ್ಮುಲಾ ಇ ಕಾರುಗಳು ಓಡಿದವು. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಕಡೆಯವರಿಗೆ ವಿಶ್ವ ಚಾಂಪಿಯನ್‌ಷಿಪ್ ದರ್ಜೆಯ ಕಾರ್ ರೇಸು ಇಷ್ಟು ಹತ್ತಿರ ಬಂದದ್ದು ಅದೇ ಮೊದಲು. ಕಲಬುರಗಿಯಲ್ಲಿ ರಾತ್ರಿ ಬಸ್ಸು ಹತ್ತಿದರೆ ಬೆಳಗಾಗುವುದರೊಳಗೆ ಹೈದರಾಬಾದ್. ಆ ಕಾರುಗಳಲ್ಲಿ ಒಂದು ಹನಿ ಪೆಟ್ರೋಲೂ ಇರಲಿಲ್ಲ. ಆದರೂ ಬ್ಯಾಟರಿಯನ್ನು ಕೂರಿಸಿದ್ದು ಚಾಲಕನ ಬೆನ್ನ ಹಿಂದೆ, ಮೋಟಾರಿನ ಮುಂದೆ. ಪೆಟ್ರೋಲ್ ಕಾರು ಕಟ್ಟುವವರು ದಶಕಗಟ್ಟಲೆ ಜಗಳಾಡಿ, ಹಲವರನ್ನು ಕಳೆದುಕೊಂಡು, ಕೊನೆಗೆ ಒಪ್ಪಿಕೊಂಡ ಜಾಗವೂ ಅದೇ.

ನಿಜವಾಗಿಯೂ ಒಪ್ಪಿಕೊಂಡರೇ? ಫಾರ್ಮುಲಾ ಒನ್ ಮಟ್ಟದಲ್ಲಿ ಹೌದು. ಅದರ ಆಚೆಗೆ ವಾದ ಇನ್ನೂ ನಡೆದೇ ಇದೆ. ಬಾಹಾ, ಸುಪ್ರಾ, ಫಾರ್ಮುಲಾ ಭಾರತ್ ಸ್ಪರ್ಧೆಗಳಿಗೆಂದು ನಮ್ಮ ಎಂಜಿನಿಯರಿಂಗ್ ಹುಡುಗ ಹುಡುಗಿಯರು ವರ್ಷವರ್ಷವೂ ಗಾಡಿ ಕಟ್ಟುತ್ತಾರೆ. ವರ್ಷವರ್ಷವೂ ವರ್ಕ್‌ಶಾಪಿನಲ್ಲಿ ಇದೇ ಪ್ರಶ್ನೆ ಏಳುತ್ತದೆ. ಹಾಗಾಗಿ ಇದರ ಪೂರ್ತಿ ನಕ್ಷೆಯನ್ನು ಒಮ್ಮೆ ಬಿಡಿಸಿ ನೋಡುವುದು ಒಳ್ಳೆಯದು.

ಮೊದಲೇ ಒಂದು ಮಾತು. ರೇಸಿಂಗ್‌ನವರು ಫ್ಯೂಯೆಲ್ ಸೆಲ್ ಎನ್ನುವುದು ಜಲಜನಕದಿಂದ ವಿದ್ಯುತ್ ತೆಗೆಯುವ ಉಪಕರಣವನ್ನಲ್ಲ. ಅದು ಸುರಕ್ಷಿತ ಪೆಟ್ರೋಲ್ ಟ್ಯಾಂಕ್: ಹೊರಗೊಂದು ಲೋಹದ ಪೆಟ್ಟಿಗೆ, ಒಳಗೆ ರಬ್ಬರು ಲೇಪಿಸಿದ ಗಟ್ಟಿ ಬಟ್ಟೆಯ ಚೀಲ (ಮುಂದೆ ಸುರಕ್ಷಾ ಚೀಲ ಎಂದಿರುವುದು ಇದನ್ನೇ), ಚೀಲದ ತುಂಬ ಪೆಟ್ರೋಲಿಗೆ ಕರಗದ ಸ್ಪಂಜು. ಪೆಟ್ಟಿಗೆ ನಜ್ಜುಗುಜ್ಜಾದರೂ ಚೀಲ ಹರಿಯಬಾರದು, ಚೀಲ ಹರಿದರೂ ಪೆಟ್ರೋಲ್ ಒಮ್ಮೆಗೇ ಹೊರಚೆಲ್ಲಬಾರದು ಎಂಬುದು ಅದರ ಲೆಕ್ಕಾಚಾರ.

ಬಾಲದಲ್ಲಿದ್ದ ಕಾಲ

ಎಂಜಿನ್ ಮುಂದೆ, ಚಾಲಕ ನಡುವೆ, ಟ್ಯಾಂಕ್ ಬಾಲದಲ್ಲಿ. 1950ರ ದಶಕದ ಮಾಸೆರಾಟಿ 250ಎಫ್, ಮರ್ಸಿಡಿಸ್ ಡಬ್ಲ್ಯು196 ಎಲ್ಲವೂ ಈ ಕ್ರಮದವೇ. ಇದರ ಹಿಂದೆ ದೊಡ್ಡ ಸಿದ್ಧಾಂತವೇನೂ ಇರಲಿಲ್ಲ. ಬಾಲ ಖಾಲಿ ಇತ್ತು, ಅಲ್ಲಿ ಟ್ಯಾಂಕ್ ಇಟ್ಟರು, ಅಷ್ಟೇ. ಆದರೆ ಆಗಿನ ರೇಸುಗಳು ಮೂರು ತಾಸು ನಡೆಯುತ್ತಿದ್ದವು, ಎಂಜಿನ್ನುಗಳು ಕುಡಿಯುವುದೂ ಹಾಗೇ ಇತ್ತು. ನೂರೈವತ್ತು ಕಿಲೋ ಇಂಧನ ಹಿಂದಿನ ಚಕ್ರಗಳ ಹಿಂದೆ ತೂಗುತ್ತಿದ್ದಾಗ ಒಂದು ಕಾರು, ಅದು ಬರಿದಾದ ಮೇಲೆ ಇನ್ನೊಂದು ಕಾರು. ಚಾಲಕ ರೇಸಿನುದ್ದಕ್ಕೂ ಓಡಿಸುವ ಹದವನ್ನು ಬದಲಾಯಿಸಿಕೊಳ್ಳುತ್ತಲೇ ಹೋಗಬೇಕಿತ್ತು.

ಈ ಕ್ರಮವನ್ನು ಬಹಳ ಹಿಂದೆಯೇ ಗಂಭೀರವಾಗಿ ಪ್ರಶ್ನಿಸಿದವರು ಫರ್ಡಿನಾಂಡ್ ಪೋರ್ಷೆ. 1934ರಲ್ಲಿ ಟ್ರ್ಯಾಕಿಗಿಳಿದ ಅವರ ಆಟೊ ಯೂನಿಯನ್ ಕಾರಿನಲ್ಲಿ 16 ಸಿಲಿಂಡರಿನ ಎಂಜಿನ್ ಚಾಲಕನ ಹಿಂದೆ. ಚಾಲಕನಿಗೂ ಎಂಜಿನ್ನಿಗೂ ನಡುವೆ ಟ್ಯಾಂಕ್. ಇಂಧನ ಕರಗುತ್ತ ಹೋದರೂ ಮುಂದು ಹಿಂದಿನ ತೂಕದ ಪಾಲು ಹೆಚ್ಚು ಕದಲದಿರಲಿ ಎಂಬುದೇ ಉದ್ದೇಶ. ಇಂದಿನ ಫಾರ್ಮುಲಾ ಒನ್ ಕಾರಿನ ಜೋಡಣೆಯೂ ಇದೇ. ಅದು ಎಲ್ಲರಿಗೂ ಒಪ್ಪಿಗೆಯಾಗಲು ಮತ್ತೆ ನಲವತ್ತು ವರ್ಷ ಹಿಡಿಯಿತು.

ಇಟಲಿಯಲ್ಲಿ ವಿಟ್ಟೋರಿಯೊ ಯಾನೊ ಬೇರೆ ದಾರಿ ಹಿಡಿದರು. 1954ರ ಲಾನ್ಸಿಯಾ ಡಿ50ಯಲ್ಲಿ ಟ್ಯಾಂಕುಗಳು ಕಾರಿನ ಎರಡೂ ಮಗ್ಗುಲಲ್ಲಿ, ಮುಂದಿನ ಹಿಂದಿನ ಚಕ್ರಗಳ ನಡುವೆ ಜೋತುಬಿದ್ದಿದ್ದವು. ತೂಕ ನಡುವಿಗೆ ಬಂತು, ಚಕ್ರಗಳ ನಡುವಿನ ಗಾಳಿಯೂ ಹದಕ್ಕೆ ಬಂತು. ಕಾರು ವೇಗವಾಗಿತ್ತು, ಆದರೆ ಹಿಡಿತ ತಪ್ಪಿದರೆ ಮುನ್ಸೂಚನೆಯಿಲ್ಲದೆ ಸುತ್ತಿಬಿಡುತ್ತಿತ್ತು. 1955ರಲ್ಲಿ ಈ ಕಾರುಗಳು ಫೆರಾರಿಯ ಕೈಸೇರಿದಾಗ ಅಲ್ಲಿನ ಎಂಜಿನಿಯರುಗಳು ಇಂಧನವನ್ನು ಮತ್ತೆ ಬಾಲಕ್ಕೆ ಒಯ್ದರು. 1956ರಲ್ಲಿ ಫ್ಯಾಂಜಿಯೊ ಅದೇ ಕಾರಿನಲ್ಲಿ ವಿಶ್ವ ಚಾಂಪಿಯನ್ ಆದರು. ಯಾನೊ ತಪ್ಪಿದ್ದರೋ ಫೆರಾರಿ ಹಿಂಜರಿಯಿತೋ ಎಂಬ ಚರ್ಚೆಗೆ ಈ ಗೆಲುವು ಉತ್ತರ ಕೊಡುವುದಿಲ್ಲ. ಫ್ಯಾಂಜಿಯೊ ಯಾವ ಕಾರಿನಲ್ಲಿ ಕೂತಿದ್ದರೂ ಗೆಲ್ಲುತ್ತಿದ್ದರೇನೋ!

ತೂಕದ ಪಕ್ಷ

ಇಂಧನವೆಂದರೆ ಮೊದಲಿಗೆ ತೂಕ ಎನ್ನುವವರ ಪಕ್ಷ ಇದು. ತೊಗರಿ ಚೀಲ ಹೇರಿದ ಎತ್ತಿನ ಬಂಡಿ ಕಂಡವರಿಗೆ ಇವರ ಮಾತು ಬಿಡಿಸಿ ಹೇಳಬೇಕಿಲ್ಲ: ಅಚ್ಚಿನ ಹಿಂದೆ ಹೆಚ್ಚು ಹೇರಿದರೆ ನೊಗ ಎತ್ತುಗಳ ಹೆಗಲು ಬಿಟ್ಟು ಮೇಲೇಳುತ್ತದೆ, ಮುಂದೆ ಹೆಚ್ಚಾದರೆ ಹೆಗಲು ಮುರಿಯುತ್ತದೆ. ಬಂಡಿಗಿಂತ ಕಾರಿನ ಕಷ್ಟ ದೊಡ್ಡದು, ಏಕೆಂದರೆ ಓಡುತ್ತಿರುವಾಗಲೇ ಅದರ ಹೇರು ಕಡಿಮೆಯಾಗುತ್ತಿರುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. ಚಾಲಕನೂ ಸೇರಿ ಕಾರಿನ ತೂಕ 700 ಕಿಲೋ. ಮುಂದಿನ ಅಚ್ಚಿನಿಂದ ಹಿಂದಿನ ಅಚ್ಚಿಗೆ 2400 ಮಿಲಿಮೀಟರ್. ಟ್ಯಾಂಕ್ ಖಾಲಿಯಿದ್ದಾಗ ಮುಂದಿನ ಚಕ್ರಗಳ ಮೇಲೆ ಶೇ 45, ಹಿಂದಿನವುಗಳ ಮೇಲೆ ಶೇ 55. ಈಗ 40 ಕಿಲೋ ಪೆಟ್ರೋಲ್ ತುಂಬಬೇಕು. ಹಿಂದಿನ ಅಚ್ಚಿನಿಂದ 300 ಮಿ.ಮೀ. ಹಿಂದಕ್ಕೆ, ಡಿಕ್ಕಿಯಲ್ಲಿ ಟ್ಯಾಂಕ್ ಇಟ್ಟರೆ ಮುಂದಿನ ಪಾಲು ಸುಮಾರು ಶೇ 41.9ಕ್ಕೆ ಇಳಿಯುತ್ತದೆ. ಅಂದರೆ ರೇಸು ಮುಗಿಯುವ ಹೊತ್ತಿಗೆ ತೂಕದ ಪಾಲು ಮೂರು ಶೇಕಡಾಂಶ ಜರುಗಿರುತ್ತದೆ. ಅದೇ ಟ್ಯಾಂಕನ್ನು ಚಾಲಕನ ಬೆನ್ನ ಹಿಂದೆ, ಗುರುತ್ವ ಕೇಂದ್ರದಿಂದ 400 ಮಿ.ಮೀ. ಹಿಂದಕ್ಕೆ ಇಟ್ಟರೆ ಶೇ 44.1, ಜರುಗುವಿಕೆ ಒಂದಕ್ಕಿಂತ ಕಡಿಮೆ. ಸ್ಪ್ರಿಂಗಿನ ಬಿಗಿಯನ್ನು ಸಣ್ಣಸಣ್ಣದಾಗಿ ಹೊಂದಿಸಿಕೊಳ್ಳುವ ತಂಡಕ್ಕೆ ಮೂರು ಶೇಕಡಾಂಶ ಬಹಳ ದೊಡ್ಡದು.

ಇನ್ನೊಂದು ಲೆಕ್ಕ ತಿರುಗುವಿಕೆಯದು. ಭಾರ ಗುರುತ್ವ ಕೇಂದ್ರದಿಂದ ಎಷ್ಟು ದೂರವೋ ಅದರ ವರ್ಗದಷ್ಟು ಜಡತ್ವ ಹೆಚ್ಚುತ್ತದೆ. ಮೇಲಿನ ಉದಾಹರಣೆಯಲ್ಲೇ ಡಿಕ್ಕಿಯ ಟ್ಯಾಂಕ್ ಒಡ್ಡುವ ಜಡತ್ವ ಬೆನ್ನ ಹಿಂದಿನ ಟ್ಯಾಂಕಿನದಕ್ಕಿಂತ ಹನ್ನೆರಡು ಪಟ್ಟು. ಜಡತ್ವ ಕಡಿಮೆಯಾದಷ್ಟೂ ಕಾರು ಚುರುಕಾಗಿ ತಿರುವು ಹಿಡಿಯುತ್ತದೆ. ಹಾಗೆಯೇ ಚುರುಕಾಗಿ ಕೈ ತಪ್ಪುತ್ತದೆ. ಡಿ50ಯ ಕಥೆ ನೆನಪಿರಲಿ. ತೂಕದ ಪಕ್ಷದವರು ಮೊದಲರ್ಧವನ್ನು ಗಟ್ಟಿಯಾಗಿ ಹೇಳುತ್ತಾರೆ, ಎರಡನೆಯದನ್ನು ಗೊಣಗುತ್ತಾರೆ.

ಎತ್ತರದ ಲೆಕ್ಕದಲ್ಲಿ ಮಾತ್ರ ಯಾರಿಗೂ ತಕರಾರಿಲ್ಲ. ಆ 40 ಕಿಲೋವನ್ನು 200 ಮಿ.ಮೀ. ಮೇಲಕ್ಕೆತ್ತಿದರೆ ಇಡೀ ಕಾರಿನ ಗುರುತ್ವ ಕೇಂದ್ರ ಸುಮಾರು 11 ಮಿ.ಮೀ. ಏರುತ್ತದೆ. ಹಾಗೆಂದು ಟ್ಯಾಂಕನ್ನು ಚಪ್ಪಟೆ ಮಾಡಿ ನೆಲಕ್ಕೆ ಹಾಸಿಬಿಟ್ಟರೆ ಬೇರೊಂದು ಪೀಡೆ ಕಾದಿರುತ್ತದೆ. 1 ಜಿ ಬಲದ ತಿರುವಿನಲ್ಲಿ ಪೆಟ್ರೋಲಿನ ಮೇಲ್ಮೈ 45 ಡಿಗ್ರಿ ವಾಲುತ್ತದೆ, 2 ಜಿಯಲ್ಲಿ 63 ಡಿಗ್ರಿ. ಅಗಲವಾದ ಚಪ್ಪಟೆ ಟ್ಯಾಂಕಿನಲ್ಲಿ ಇಂಧನವೆಲ್ಲ ಒಂದು ಮೂಲೆಗೆ ಓಡಿ, ಪಂಪು ಗಾಳಿ ಎಳೆದುಕೊಂಡು, ಎಂಜಿನ್ ಕೆಮ್ಮುತ್ತದೆ. ಕಿರಿದಾಗಿ ಎತ್ತರವಾಗಿರುವ ಟ್ಯಾಂಕು, ಒಳಗೆ ಅಡ್ಡಗೋಡೆಗಳು, ಒಂದೇ ಕಡೆಗೆ ತೆರೆಯುವ ಸಣ್ಣ ಬಾಗಿಲುಗಳು, ತಳದಲ್ಲೊಂದು ಸಂಗ್ರಹ ಕುಡಿಕೆ: ಇವೆಲ್ಲ ಈ ಪೀಡೆಯ ಪರಿಹಾರಗಳು.

ಬೆಂಕಿ ಬರೆದ ಅಧ್ಯಾಯ

1962ರಲ್ಲಿ ಕಾಲಿನ್ ಚಾಪ್ಮನ್ ಲೋಟಸ್ 25 ಕಟ್ಟಿದರು. ಕೊಳವೆಗಳ ಚೌಕಟ್ಟಿನ ಬದಲು ತಗಡಿನ ತೊಟ್ಟಿಯಂಥ ಒಡಲು. ಆ ತೊಟ್ಟಿಯ ಇಕ್ಕೆಲದ ಟೊಳ್ಳು ಪೆಟ್ಟಿಗೆಗಳಲ್ಲಿ ರಬ್ಬರ್ ಚೀಲ, ಚೀಲದಲ್ಲಿ ಪೆಟ್ರೋಲ್. ಚಾಲಕ ಇಂಧನದ ನಡುವೆ ಮಲಗಿದಂತೆ ಕೂರುತ್ತಿದ್ದ. ತೂಕದ ದೃಷ್ಟಿಯಿಂದ ಇದು ಬಹುಮಟ್ಟಿಗೆ ಪರಿಪೂರ್ಣ. ಎಲ್ಲರೂ ಅನುಕರಿಸಿದರು.

ಮುಂದಿನ ಹದಿನೈದು ವರ್ಷಗಳ ಬೆಂಕಿ ದುರಂತಗಳ ಪಟ್ಟಿ ಓದುವುದು ಕಷ್ಟ. 1964ರ ಇಂಡಿಯಾನಾಪೊಲಿಸ್ 500ರಲ್ಲಿ ಡೇವ್ ಮ್ಯಾಕ್‌ಡೊನಾಲ್ಡ್, ಎಡ್ಡಿ ಸ್ಯಾಕ್ಸ್. ಅದೇ ವರ್ಷ ಷಾರ್ಲಟ್‌ನ ನ್ಯಾಸ್ಕಾರ್ ರೇಸಿನಲ್ಲಿ ಸುಟ್ಟ ಗಾಯಗಳಾಗಿ ಮುಂದೆ ಆಸ್ಪತ್ರೆಯಲ್ಲಿ ತೀರಿಕೊಂಡ ಫೈರ್‌ಬಾಲ್ ರಾಬರ್ಟ್ಸ್. 1967ರಲ್ಲಿ ಮೊನಾಕೊದಲ್ಲಿ ಲೊರೆಂಝೊ ಬಂಡಿನಿ. 1968ರಲ್ಲಿ ರೂವಾನಲ್ಲಿ ಜೊ ಶ್ಲೆಸರ್. 1970ರಲ್ಲಿ ಜಾಂಡ್‌ವೂರ್ಟ್‌ನಲ್ಲಿ ಪಿಯರ್ಸ್ ಕರೇಜ್. 1973ರಲ್ಲಿ ಅದೇ ಜಾಂಡ್‌ವೂರ್ಟ್‌ನಲ್ಲಿ ರೋಜರ್ ವಿಲಿಯಮ್ಸನ್. ಮಗುಚಿ ಉರಿಯುತ್ತಿದ್ದ ಕಾರನ್ನು ಎತ್ತಲು ಇನ್ನೊಬ್ಬ ಚಾಲಕ ಡೇವಿಡ್ ಪರ್ಲಿ ಒಬ್ಬನೇ ಹೆಣಗಾಡಿದ್ದನ್ನು ಟೆಲಿವಿಷನ್ ಜಗತ್ತಿಗೆಲ್ಲ ತೋರಿಸಿತು. 1976ರಲ್ಲಿ ನ್ಯೂರ್ಬರ್ಗ್‌ರಿಂಗ್‌ನಲ್ಲಿ ನಿಕಿ ಲೌಡಾ ಸಾವಿನ ಬಾಯಿಂದ ಹೊರಬಂದರು.

ಸುರಕ್ಷತೆಯ ಪಕ್ಷ ಹುಟ್ಟಿದ್ದು ಈ ಸಾವುಗಳಿಂದ. ಟ್ಯಾಂಕಿನ ತೂಕ ಎಲ್ಲಿದೆ ಎಂದು ಕೇಳುವ ಮೊದಲು, ಗುದ್ದು ಬಿದ್ದಾಗ ಟ್ಯಾಂಕಿಗಿಂತ ಮುಂಚೆ ಮುರಿಯಲು ಏನಿದೆ ಎಂದು ಕೇಳಿ ಎಂಬುದು ಇವರ ವಾದ. ಆರಂಭದಲ್ಲಿ ನಿಯಮಗಳು ಟ್ಯಾಂಕಿನ ಜಾಗವನ್ನು ಮುಟ್ಟಲಿಲ್ಲ. ಟ್ಯಾಂಕನ್ನಷ್ಟೇ ಗಟ್ಟಿ ಮಾಡಿದವು. 1970ರಲ್ಲಿ ಫಾರ್ಮುಲಾ ಒನ್‌ಗೆ ಸುರಕ್ಷಾ ಚೀಲ ಕಡ್ಡಾಯವಾಯಿತು, 1973ರಲ್ಲಿ ಟ್ಯಾಂಕಿನ ಸುತ್ತ ಹೊಡೆತ ಹೀರಿ ನಜ್ಜಾಗುವ ಕವಚ ಬಂತು.

ರ‍್ಯಾಲಿ ಲೋಕ ಈ ಪಾಠವನ್ನು ತಡವಾಗಿ ಕಲಿಯಿತು. ಲಾನ್ಸಿಯಾ ಡೆಲ್ಟಾ ಎಸ್4 ಕಾರಿನಲ್ಲಿ ಟ್ಯಾಂಕುಗಳು ಸೀಟುಗಳ ಕೆಳಗಿದ್ದವು. ತೂಕ ನಡುವೆ, ನೆಲಕ್ಕೆ ಹತ್ತಿರ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. 1986ರ ಮೇ 2ರಂದು ಕಾರ್ಸಿಕಾದ ಬೆಟ್ಟದ ತಿರುವಿನಲ್ಲಿ ಕಾರು ಪ್ರಪಾತಕ್ಕೆ ಉರುಳಿ ಹೊತ್ತಿಕೊಂಡಿತು. ಹೆನ್ರಿ ಟೊಯ್ವೊನೆನ್, ಸೆರ್ಜಿಯೊ ಕ್ರೆಸ್ಟೊ ಇಬ್ಬರೂ ಸತ್ತರು. ಗ್ರೂಪ್ ಬಿ ಎಂಬ ವರ್ಗವನ್ನೇ ಆಮೇಲೆ ಮುಚ್ಚಿದರು.

ಗಾಳಿ ಕೊಟ್ಟ ತೀರ್ಪು

ಬೆಂಕಿಗೆ ಹೆದರಿ ಟ್ಯಾಂಕನ್ನು ಚಾಲಕನ ಬೆನ್ನ ಹಿಂದಕ್ಕೆ ತಂದರು ಎಂದು ಎಷ್ಟೋ ಕಡೆ ಬರೆದಿರುತ್ತಾರೆ. ನನಗೆ ಕಾಣುವಂತೆ ಅದು ಅರ್ಧ ಸತ್ಯ. 1978ರ ಲೋಟಸ್ 79ರಲ್ಲಿ ಟ್ಯಾಂಕ್ ಒಂದೇ, ಅದೂ ಚಾಲಕನ ಹಿಂದೆ. ಕಾರಣ ಗಾಳಿ. ಕಾರಿನ ಮಗ್ಗುಲ ಪೆಟ್ಟಿಗೆಗಳ ತಳದಲ್ಲಿ ಗಾಳಿಯ ಸುರಂಗ ಮಾಡಿ ಕಾರನ್ನು ನೆಲಕ್ಕೆ ಹೀರಿಸಬೇಕಿತ್ತು. ಆ ಜಾಗದಲ್ಲಿ ಪೆಟ್ರೋಲಿದ್ದರೆ ಸುರಂಗಕ್ಕೆ ಎಡೆಯಿಲ್ಲ. ಆ ವರ್ಷ ಮಾರಿಯೊ ಆಂಡ್ರೆಟ್ಟಿ ಚಾಂಪಿಯನ್ ಆದದ್ದೇ ತಡ, ಎಲ್ಲ ತಂಡಗಳೂ ಮಗ್ಗುಲು ಖಾಲಿ ಮಾಡಿದವು. ಸುರಕ್ಷತೆಯವರು ವರ್ಷಗಟ್ಟಲೆ ಕೇಳಿದ್ದನ್ನು ವೇಗದ ಹಸಿವು ಒಂದೇ ಋತುವಿನಲ್ಲಿ ಮಾಡಿಸಿತು. ನಿಯಮ ಆಮೇಲೆ ಬಂದು ಮುದ್ರೆ ಒತ್ತಿತು.

ಈ ತೀರ್ಪಿಗೂ ಬೆಲೆ ತೆರಬೇಕಾಯಿತು. ಬೆನ್ನ ಹಿಂದೆ ದೊಡ್ಡ ಟ್ಯಾಂಕ್ ಬಂದಾಗ ಚಾಲಕ ಮುಂದಕ್ಕೆ ಸರಿದ, ಅವನ ಪಾದಗಳು ಮುಂದಿನ ಅಚ್ಚನ್ನೂ ದಾಟಿದವು. 1980ರ ದಶಕದ ಮೊದಲ ವರ್ಷಗಳಲ್ಲಿ ಕಾಲು ಪುಡಿಯಾದ ಚಾಲಕರು ಒಬ್ಬಿಬ್ಬರಲ್ಲ. ಪಾದಗಳು ಅಚ್ಚಿನ ಹಿಂದೆಯೇ ಇರಬೇಕೆಂಬ ನಿಯಮ ಹೊಸ ಕಾರುಗಳಿಗೆ ಬಂದದ್ದು 1988ರಲ್ಲಿ.

ಮುಂದೆ ಗಟ್ಟಿಯಾದ ಫಾರ್ಮುಲಾ ಒನ್ ನಿಯಮದ ಸಾರ ಇಷ್ಟು: ಒಂದೇ ರಬ್ಬರ್ ಚೀಲ, ಎಫ್‌ಟಿ5 ಎಂಬ ಗುಣಮಟ್ಟದ್ದು, ಚಾಲಕನ ಬೆನ್ನಿಗೂ ಎಂಜಿನ್ನಿನ ಮುಂಭಾಗಕ್ಕೂ ನಡುವೆ, ಕಾರಿನ ನಡುಗೆರೆಯಿಂದ ಪಕ್ಕಕ್ಕೆ ಹೆಚ್ಚು ಚಾಚಬಾರದು. ರೇಸಿನ ನಡುವೆ ಇಂಧನ ತುಂಬಿಸಲು ಅನುಮತಿಸುವ, ಮತ್ತೆ ನಿಷೇಧಿಸುವ ಆಟದಲ್ಲಿ ಟ್ಯಾಂಕಿನ ಗಾತ್ರ ಮಾತ್ರ ಹಿಗ್ಗಿ ಕುಗ್ಗಿತು. ಬೆಂಗಳೂರಿನ ವಿಜಯ್ ಮಲ್ಯ ಒಡೆತನದ ಫೋರ್ಸ್ ಇಂಡಿಯಾ ತಂಡಕ್ಕೆ 2009ರಲ್ಲಿ ಬೆಲ್ಜಿಯಂನಲ್ಲಿ ಫಿಸಿಕೆಲ್ಲಾ ಎರಡನೇ ಸ್ಥಾನ ತಂದುಕೊಟ್ಟಾಗ ಇನ್ನೂ ನಡುವೆ ತುಂಬಿಸಬಹುದಿತ್ತು. 2010ರಿಂದ ಅದು ನಿಂತಿತು. ಪೂರ್ತಿ ರೇಸಿನ ಇಂಧನ ಹೊರಬೇಕಾಗಿ ಟ್ಯಾಂಕ್ ಬೆಳೆಯಿತು, ಅದರ ಜೊತೆ ಕಾರೂ ಉದ್ದವಾಯಿತು.

ಒಪ್ಪದವರು

ನಡುವೆಯೇ ಸರಿ ಎನ್ನುವುದನ್ನು ಒಪ್ಪದವರೂ ಇದ್ದಾರೆ, ಅವರ ಕಾರಣಗಳನ್ನು ತಳ್ಳಿಹಾಕುವಂತಿಲ್ಲ. ನೇರ ರಸ್ತೆಯಲ್ಲಿ ಕೆಲವೇ ಸೆಕೆಂಡು ಓಡುವ ಡ್ರ್ಯಾಗ್ ಕಾರುಗಳಲ್ಲಿ ಟ್ಯಾಂಕ್ ಮೂತಿಯಲ್ಲಿರುತ್ತದೆ. ಮುಂದಿನ ಚಕ್ರ ಮೇಲೇಳದಂತೆ ಅದರ ಭಾರ ತಡೆಯುತ್ತದೆ, ವೇಗೋತ್ಕರ್ಷವೇ ಇಂಧನವನ್ನು ಹಿಂದಕ್ಕೆ ಪಂಪಿನ ಕಡೆ ತಳ್ಳುತ್ತದೆ. ಪೋರ್ಷೆ 911ರ ಎಂಜಿನ್ ಹಿಂದಿನ ಅಚ್ಚಿನ ಆಚೆ ತೂಗುತ್ತದೆ, ಹಾಗಾಗಿ ಮೊದಲಿನಿಂದಲೂ ಅದರ ಟ್ಯಾಂಕ್ ಮುಂದೆ. ರೇಸಿಗಿಳಿಯುವ 911ಗಳೂ ಹೀಗೇ ಗೆದ್ದಿವೆ. ನ್ಯಾಸ್ಕಾರ್‌ನವರು ಇಂದಿಗೂ ಹಿಂದಿನ ಅಚ್ಚಿನ ಹಿಂದೆಯೇ ಇಡುತ್ತಾರೆ. ಮನೆಬಳಕೆಯ ಕಾರಿನಿಂದ ಹುಟ್ಟಿದ ಗಾಡಿ ಅದು, ಓಡಿಸುವ ಚಕ್ರಗಳೂ ಹಿಂದಿನವು. ರಾಬರ್ಟ್ಸ್ ಸತ್ತ ಮೇಲೆ ಅವರು ಜಾಗ ಬದಲಿಸಲಿಲ್ಲ. ಉಕ್ಕಿನ ಪೆಟ್ಟಿಗೆಯೊಳಗೆ ಸುರಕ್ಷಾ ಚೀಲ ಕೂರಿಸಿ ಕೊಳವೆಗಳ ಪಂಜರ ಕಟ್ಟಿದರು.

ಇವರೆಲ್ಲ ಹೇಳುವುದು ಒಂದೇ: ಕಾರು ಯಾವ ಕೆಲಸಕ್ಕೆ, ಎಂಜಿನ್ ಎಲ್ಲಿದೆ ಎಂದು ತಿಳಿಯದೆ ಟ್ಯಾಂಕಿನ ಜಾಗ ಕೇಳಬೇಡಿ.

ನಮ್ಮ ವರ್ಕ್‌ಶಾಪಿನ ಲೆಕ್ಕ

ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ಅಶ್ವ ರೇಸಿಂಗ್ ತಂಡ 2003ರಲ್ಲಿ ಶುರುವಾಯಿತು. ಅಂದಿನಿಂದ ರಾಜ್ಯದ ಹಲವು ಕಾಲೇಜುಗಳಲ್ಲಿ ಇಂಥ ತಂಡಗಳು ಕಟ್ಟಿಕೊಂಡಿವೆ. ಇವರ ಕಾರುಗಳ ಅಳತೆಗೆ ಮೇಲಿನ ವಾದಗಳನ್ನು ಇಳಿಸಿ ನೋಡಿದರೆ ಚಿತ್ರವೇ ಬೇರೆ.

ಬಾಹಾ ಗಾಡಿಯ ಟ್ಯಾಂಕಿಗೆ ಹಿಡಿಯುವುದು ನಾಲ್ಕು ಲೀಟರಿಗೂ ಕಡಿಮೆ, ಮೂರು ಕಿಲೋದೊಳಗೆ. ಫಾರ್ಮುಲಾ ಭಾರತ್‌ನಂಥ ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಯ ಕಾರಿನ ದೀರ್ಘ ಓಟ 22 ಕಿಲೋಮೀಟರ್, ಅದಕ್ಕೆ ಆರು ಲೀಟರ್ ಸಾಕೆಂದುಕೊಂಡರೂ ನಾಲ್ಕೂವರೆ ಕಿಲೋ.  ಇಲ್ಲಿ ತೂಕದ ಪಕ್ಷಕ್ಕೆ ಕೆಲಸವೇ ಇಲ್ಲ. ಆದರೂ ತಂಡಗಳು ಕಂಪ್ಯೂಟರಿನಲ್ಲಿ ಟ್ಯಾಂಕನ್ನು ಹತ್ತು ಮಿಲಿಮೀಟರ್ ಆಚೀಚೆ ಸರಿಸುತ್ತ ರಾತ್ರಿ ಕಳೆಯುತ್ತವೆ, ವರದಿಯಲ್ಲಿ ಬಣ್ಣಬಣ್ಣದ ಚಿತ್ರ ಹಾಕುತ್ತವೆ. ಆ ಹೊತ್ತನ್ನು ಪೈಪಿನ ಜೋಡಣೆಗೆ ಕೊಟ್ಟರೆ ಲಾಭ ಹೆಚ್ಚು.

ಏಕೆಂದರೆ ಈ ಮಟ್ಟದಲ್ಲಿ ಬೆಂಕಿ ಹೊತ್ತುವುದು ಟ್ಯಾಂಕ್ ಒಡೆದು ಅಲ್ಲ. ಸೈಲೆನ್ಸರಿನ ಹತ್ತಿರ ಹಾದುಹೋದ ರಬ್ಬರ್ ಪೈಪು ಒಣಗಿ ಬಿರಿಯುತ್ತದೆ, ಕ್ಲಿಪ್ ಸಡಿಲಾಗುತ್ತದೆ, ಮುಚ್ಚಳದ ಸುತ್ತ ಚೆಲ್ಲಿದ ಪೆಟ್ರೋಲ್ ಜಾರಿ ಬಿಸಿ ಎಂಜಿನ್ನಿನ ಮೇಲೆ ಬೀಳುತ್ತದೆ, ಗಾಡಿ ಮಗುಚಿದಾಗ ಗಾಳಿಕೊಳವೆಯಿಂದ ಪೆಟ್ರೋಲ್ ಸುರಿಯುತ್ತದೆ. ಸ್ಪರ್ಧೆಯ ನಿಯಮಗಳು ಹೇಳುವುದೂ ಇದನ್ನೇ: ಟ್ಯಾಂಕ್ ಪಂಜರದ ಒಳಗಿರಲಿ, ಬದಿಯ ಗುದ್ದಿನಿಂದ ರಕ್ಷಣೆ ಇರಲಿ, ಚಾಲಕನಿಗೂ ಅದಕ್ಕೂ ನಡುವೆ ಬೆಂಕಿತಡೆ ಗೋಡೆ ಇರಲಿ, ಚೆಲ್ಲಿದ್ದು ಎಂಜಿನ್ ಮುಟ್ಟದೆ ಹೊರಹೋಗಲಿ. ನಮ್ಮ ಕಡೆ ಗ್ಯಾರೇಜಿನ ಮಿಸ್ತ್ರಿಗಳನ್ನು ಕೇಳಿದರೆ, "ಟಾಕಿ ಎಲ್ಲ್ಯರ ಇಡ್ರಿ, ಮೊದಲ ಪೈಪ್ ಎಲ್ಲಿಂದ ಹೋಗ್ತದ ನೋಡ್ರಿ" ಅನ್ನುತ್ತಾರೆ. ಎಂಜಿನಿಯರಿಂಗ್ ಪುಸ್ತಕಕ್ಕಿಂತ ಇದು ಹತ್ತಿರದ ಸತ್ಯ.

ರಸ್ತೆಯ ಕಾರನ್ನೇ ರ‍್ಯಾಲಿಗೋ ಟ್ರ್ಯಾಕಿಗೋ ಸಿದ್ಧ ಮಾಡುವವರ ತೊಡಕು ಇನ್ನೊಂದು ಬಗೆಯದು. ಕಂಪನಿ ಕೊಟ್ಟ ಟ್ಯಾಂಕ್ ಸಾಮಾನ್ಯವಾಗಿ ಹಿಂದಿನ ಸೀಟಿನ ಕೆಳಗೆ, ಅಚ್ಚಿನ ಮುಂದೆ ಇರುತ್ತದೆ. ಜಾಗ ಸುರಕ್ಷಿತ, ಆದರೆ ತಿರುವಿನಲ್ಲಿ ಪೆಟ್ರೋಲ್ ಓಡಾಡುತ್ತದೆ. ಸುರಕ್ಷಾ ಚೀಲ ಹಾಕಬೇಕೆಂದರೆ ಸುಲಭದ ಜಾಗ ಡಿಕ್ಕಿ, ಅದು ಹಿಂದಿನ ಗುದ್ದಿಗೆ ಮೊದಲು ಸಿಗುವ ಜಾಗ. ಅಂದರೆ ಒಳ್ಳೆಯ ಟ್ಯಾಂಕನ್ನು ಕೆಟ್ಟ ಜಾಗದಲ್ಲಿ ಇಡಬೇಕೋ ಸಾದಾ ಟ್ಯಾಂಕನ್ನು ಒಳ್ಳೆಯ ಜಾಗದಲ್ಲಿ ಬಿಡಬೇಕೋ? ನನ್ನ ಒಲವು ಎರಡನೆಯದರ ಕಡೆಗೆ, ರೇಸಿನ ವೇಗ ಮಿತಿಯಲ್ಲಿರುವ ತನಕ. ಸೀಟು ಕಿತ್ತು, ನೆಲ ಕತ್ತರಿಸಿ, ಅಚ್ಚಿನ ಮುಂದೆಯೇ ಸುರಕ್ಷಾ ಚೀಲ ಕೂರಿಸುವ ಮೂರನೆಯ ದಾರಿಯೂ ಇದೆ. ಅದಕ್ಕೆ ದುಡ್ಡೂ ಬೇಕು, ಬಲ್ಲ ಬೆಸುಗೆಗಾರನೂ ಬೇಕು.

ಬ್ಯಾಟರಿ ಬಂದ ಮೇಲೆ

2001ರಲ್ಲಿ ಬೆಂಗಳೂರಿನಿಂದ ಬಂದ ರೇವಾ ಕಾರಿನಲ್ಲಿ ಸೀಸದ ಬ್ಯಾಟರಿಗಳು ಮುಂದಿನ ಸೀಟುಗಳ ಕೆಳಗಿದ್ದವು. ಅದನ್ನು ರೂಪಿಸಿದ ಚೇತನ್ ಮೈನಿ ವಿದ್ಯಾರ್ಥಿಯಾಗಿ ಮಿಷಿಗನ್ ವಿಶ್ವವಿದ್ಯಾಲಯದ ಸೌರ ರೇಸ್ ಕಾರಿನ ತಂಡದಲ್ಲಿದ್ದವರು. ಅದೇ ಕುಟುಂಬದ ಕುಶ್ ಮೈನಿ 2025ರಲ್ಲಿ ಮೊನಾಕೊದ ಫಾರ್ಮುಲಾ 2 ಸ್ಪ್ರಿಂಟ್ ರೇಸು ಗೆದ್ದದ್ದು ಬೆನ್ನ ಹಿಂದೆ ಪೆಟ್ರೋಲ್ ಹೊತ್ತ ಕಾರಿನಲ್ಲಿ.

ಬ್ಯಾಟರಿ ಈ ವಾದದ ಬುಡವನ್ನೇ ಅಲುಗಿಸಿದೆ. ಓಡಿದಷ್ಟೂ ಪೆಟ್ರೋಲ್ ಕರಗುತ್ತದೆ, ಬ್ಯಾಟರಿ ಒಂದು ಗ್ರಾಮೂ ಕರಗುವುದಿಲ್ಲ. ತೂಕದ ಪಾಲು ಜರುಗುತ್ತದೆ ಎಂಬ ಪೋರ್ಷೆ ಕಾಲದ ಮುಖ್ಯ ಕಾರಣ ಇಲ್ಲಿ ಅನ್ವಯಿಸದು. ಹಾಗಿದ್ದರೆ ಬ್ಯಾಟರಿಯನ್ನು ಬೇಕಾದಲ್ಲಿ ಇಡಬಹುದಲ್ಲ? ಇಡಲಾಗದು. ಅದು ಪೆಟ್ರೋಲಿಗಿಂತ ಎಷ್ಟೋ ಪಟ್ಟು ಭಾರ, ಆದ್ದರಿಂದ ಜಡತ್ವದ ಲೆಕ್ಕ ಇನ್ನೂ ಬಿಗಿಯಾಗುತ್ತದೆ. ವಿದ್ಯಾರ್ಥಿಗಳ ಕಾರಿನಲ್ಲೇ 600 ವೋಲ್ಟ್ ತನಕ ಇರಬಹುದು. ಲಿಥಿಯಂ ಬ್ಯಾಟರಿ ಒಮ್ಮೆ ಹೊತ್ತಿದರೆ ಆರಿಸಿದರೂ ಮತ್ತೆ ಹೊತ್ತಿಕೊಳ್ಳಬಹುದು. ಹೀಗಾಗಿ ಹೈದರಾಬಾದಿನಲ್ಲಿ ಓಡಿದ ಕಾರುಗಳು ಹಳೆಯ ಜಾಗಕ್ಕೇ ಬಂದು ನಿಂತವು. ಜಾಗ ಅದೇ, ಕಾರಣಗಳು ಬೇರೆ.

ಇನ್ನೂ ಇತ್ಯರ್ಥವಾಗದ್ದು

ಮೊದಲನೆಯದು, ಸರಿಯಾದ ಜಾಗದಲ್ಲಿದ್ದೂ ಸೋರಿದ ಟ್ಯಾಂಕಿನ ಪ್ರಶ್ನೆ. 2020ರ ನವೆಂಬರ್ 29ರಂದು ಬಹರೇನ್‌ನಲ್ಲಿ ರೊಮೇನ್ ಗ್ರೋಜಾನ್ ಅವರ ಕಾರು ತಡೆಬೇಲಿಗೆ 67 ಜಿ ಬಲದಿಂದ ಅಪ್ಪಳಿಸಿ ಎರಡು ಹೋಳಾಯಿತು. ತುಂಡಾದದ್ದು ಚಾಲಕನ ಕವಚಕ್ಕೂ ಎಂಜಿನ್ನಿಗೂ ನಡುವೆ. ಟ್ಯಾಂಕಿನ ತಪಾಸಣಾ ಮುಚ್ಚಳ ಕಿತ್ತಿತು, ಇಂಧನದ ಕೊಂಡಿ ಚೀಲದಿಂದ ಹರಿದು ಬಂತು. ಅವರು ಬೆಂಕಿಯಿಂದ ಎದ್ದು ಬಂದರು. ಎಂಜಿನ್ ಕಳಚಿಕೊಳ್ಳುವ ಗೆರೆಗೆ ತಾಗಿಕೊಂಡೇ ಟ್ಯಾಂಕ್ ಇರಬೇಕೇ ಎಂಬುದಕ್ಕೆ ಕೊಂಡಿ, ಮುಚ್ಚಳಗಳನ್ನು ಗಟ್ಟಿ ಮಾಡಿದ್ದು ಪೂರ್ತಿ ಉತ್ತರವಲ್ಲ.

ಎರಡನೆಯದು ಜಲಜನಕ. 2021ರ ಫುಜಿ 24 ತಾಸಿನ ರೇಸಿನಲ್ಲಿ ಟೊಯೊಟಾದ ಜಲಜನಕ ಕೊರೊಲಾ ಓಡಿದಾಗ ಅದರ ಸಿಲಿಂಡರುಗಳು ಹಿಂದಿನ ಸೀಟಿನ ಜಾಗವನ್ನೆಲ್ಲ ತುಂಬಿದ್ದವು. ಒತ್ತಡದ ಸಿಲಿಂಡರ್ ದುಂಡಗೇ ಇರಬೇಕು, ಚೀಲದಂತೆ ಸಂದಿಗೆ ತಕ್ಕ ಆಕಾರ ತಳೆಯದು. ಒಂದೇ ಆಸನದ ಕಾರಿನಲ್ಲಿ ಅದಕ್ಕೆ ಜಾಗವೆಲ್ಲಿ ಎಂದು ಇನ್ನೂ ಯಾರೂ ತೃಪ್ತಿಕರವಾಗಿ ತೋರಿಸಿಲ್ಲ.

ಮೂರನೆಯದು ನಮಗೆ ಹತ್ತಿರದ್ದು. ಎಫ್‌ಟಿ3 ದರ್ಜೆಯ ಚೀಲದ ಆಯುಸ್ಸು ಐದು ವರ್ಷ, ತಯಾರಕರು ಪರೀಕ್ಷಿಸಿ ಒಪ್ಪಿದರೆ ಇನ್ನೆರಡು. ದೊಡ್ಡ ತಂಡ ಬದಲಿಸುತ್ತದೆ. ಸ್ವಂತ ದುಡ್ಡಿನಲ್ಲಿ ರ‍್ಯಾಲಿಗೆ ಇಳಿಯುವವನು ಅವಧಿ ಮೀರಿದ ಚೀಲವನ್ನೇ ಮುಂದುವರಿಸುತ್ತಾನೆ, ಇಲ್ಲವೇ ತಗಡಿನ ಟ್ಯಾಂಕಿಗೆ ಮರಳುತ್ತಾನೆ. ಆರನೇ ವರ್ಷದ ಚೀಲವನ್ನು ಅಚ್ಚಿನ ಮುಂದೆ ಇಟ್ಟದ್ದು ಸುರಕ್ಷಿತವೋ, ಹೊಸ ಚೀಲವನ್ನು ಡಿಕ್ಕಿಯಲ್ಲಿ ಇಟ್ಟದ್ದು ಸುರಕ್ಷಿತವೋ? ನಿಯಮ ಪುಸ್ತಕ ಚೀಲದ ಮೇಲಿನ ತಾರೀಖನ್ನು ಒಂದು ಪುಟದಲ್ಲಿ ನೋಡುತ್ತದೆ, ಟ್ಯಾಂಕಿನ ಜಾಗವನ್ನು ಇನ್ನೊಂದು ಪುಟದಲ್ಲಿ. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವ ಕೆಲಸ ಕಾರು ಕಟ್ಟುವವನ ತಲೆಯ ಮೇಲೆಯೇ ಉಳಿದಿದೆ.